ಪಾಸಿಟಿವ್ ಬಂದ ನೀರು

"ವಯಸ್ಸು ಹದಿನೇಳು ಅಂತ ಹಾಕಿದ್ದೀರಿ ಅಳಿಯಂದ್ರೇ," ಎಂದರು ಮಾವ ಫೋನಿನಲ್ಲಿ. "ಅಂಕಿ ಅದಲು ಬದಲಾಗಿದೆ. ಎಪ್ಪತ್ತೊಂದು ಆಗಬೇಕು."

ಅವನು ಹಲ್ಲುಜ್ಜುತ್ತಿದ್ದ. ಬಾಯಿತುಂಬ ನೊರೆ. ಉಗುಳದೆ 'ಹೂಂ' ಎಂದ. ಫೋನು ಹಿಡಿದು ನಿಂತಿದ್ದ ಹೆಂಡತಿ ಅದನ್ನು ಅವನ ಕಿವಿಗೆ ಇನ್ನಷ್ಟು ಒತ್ತಿದಳು, ಒಂದು ಮಾತೂ ಚೆಲ್ಲಿಹೋಗಬಾರದು ಎಂಬಂತೆ.

ಮಾವ ನಲವತ್ತು ವರ್ಷ ಪಠ್ಯಪುಸ್ತಕಗಳ ಪ್ರೆಸ್ಸಿನಲ್ಲಿ ಕರಡು ತಿದ್ದಿದವರು. ಯಾವ ಕಾಗದ ಕೈಗೆ ಸಿಕ್ಕಿದರೂ ಮೊದಲು ಕಾಣುತ್ತಿದ್ದುದು ತಪ್ಪು, ವಿಷಯ ಆಮೇಲೆ. ಐದು ದಿನದಿಂದ ವಾರ್ಡಿನಲ್ಲಿ ಅವರ ಬಳಿ ಇದ್ದ ಓದುವ ಸಾಮಗ್ರಿ ಒಂದೇ: ಅವರದೇ ರಿಪೋರ್ಟು. ಅರ್ಧ ಪುಟ. ಎರಡು ಕಣ್ಣಿಗೂ ಪೊರೆ ಬಂದಿದ್ದರಿಂದ ಭೂತಗನ್ನಡಿ ಹಿಡಿದು ದಿನಕ್ಕೆರಡು ಸಾಲು ಓದುತ್ತಿದ್ದರು. ಮೊದಲ ದಿನ ವಿಳಾಸದಲ್ಲಿ ಬಿಟ್ಟುಹೋಗಿದ್ದ ಒಂದು ಒತ್ತಕ್ಷರ ಹಿಡಿದರು. ಮೂರನೇ ದಿನ ಒಂದು ಪೂರ್ಣವಿರಾಮ. ಇವತ್ತು ವಯಸ್ಸು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಅಚ್ಚಾಗಿದ್ದ 'ಪಾಸಿಟಿವ್' ಎಂಬ ಪದದಲ್ಲಿ ಅವರಿಗೆ ಈವರೆಗೆ ಯಾವ ತಪ್ಪೂ ಸಿಕ್ಕಿರಲಿಲ್ಲ. ಅದರ ಕೆಳಗಿನ ಸಹಿ ಅಳಿಯನದು.

"ಪಕ್ಕದ ಮಂಚದೋರಿಗೆ ಕೆಮ್ಮು ಜಾಸ್ತಿ," ಎಂದರು ಮಾವ. "ನೀರು ಕೊಡೋರು ಯಾರೂ ಇಲ್ಲ ಪಾಪ. ನಾನೇ ಕೊಡ್ತಾ ಇದ್ದೀನಿ. ಇರಲಿ, ವಯಸ್ಸೊಂದು ತಿದ್ದಿಸಿಬಿಡಿ."

ಅವನು ಉಗುಳಿದ. ನೊರೆಯ ಜೊತೆ ಒಸಡಿನ ರಕ್ತ ಒಂದೆಳೆ ಬಂತು. ನಲ್ಲಿ ಬಿಟ್ಟರೂ ಅದು ಬೇಸಿನ್ನಿನ ಅಂಚಿಗೆ ಅಂಟಿಕೊಂಡು ಕೂತಿತು. ಹೆಬ್ಬೆರಳಿನಿಂದ ತಿಕ್ಕಿ ತೆಗೆದ.

"ಒಂದು ಸೀನೂ ಇಲ್ಲ ಅಪ್ಪನಿಗೆ," ಎಂದಳು ಹೆಂಡತಿ ಫೋನಿಟ್ಟು. "ಇವತ್ತಿಗೆ ಆರನೇ ದಿನ. ನಿಮ್ಮ ಟೆಸ್ಟು ತಪ್ಪಾಗೋದೇ ಇಲ್ವಾ?"

"ನೂರಕ್ಕೆ ಇಷ್ಟು ಅಂತ ಇರುತ್ತೆ."

"ಆ ಇಷ್ಟರಲ್ಲಿ ಅಪ್ಪ ಇರಬಹುದಲ್ಲ?"

"ಇರಬಹುದು," ಎಂದು ಅವನು ಟವೆಲಿನಿಂದ ಮುಖ ಮುಚ್ಚಿಕೊಂಡ. ಟವೆಲಿಗೆ ಮಾವನ ತಲೆಗೆ ಹಚ್ಚುವ ಎಣ್ಣೆಯ ವಾಸನೆಯಿತ್ತು. ಒಂದೇ ಬಚ್ಚಲು, ಒಂದೇ ಟವೆಲು, ಒಂದೇ ಊಟದ ಮೇಜು. ಆದರೂ ಮನೆಯ ಮಿಕ್ಕಿಬ್ಬರದೂ ನೆಗೆಟಿವ್. ಈ ಲೆಕ್ಕ ಹೆಂಡತಿಗೂ ಗೊತ್ತಿತ್ತು. ಅವಳು ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳದೆ ಇದ್ದದ್ದೇ ಅವನಿಗೆ ಅಸಹ್ಯವಾಗುತ್ತಿತ್ತು. ಜಗಳವಾಡಿದ್ದರೆ ಉತ್ತರ ಕೊಡಬಹುದಿತ್ತು.

ಮಾವನಿಗೆ ಕಾಯಿಲೆಯಿದೆಯೆಂದು ಯಾರೂ ಪರೀಕ್ಷೆ ಮಾಡಿಸಿರಲಿಲ್ಲ. ಕಣ್ಣಿನ ಪೊರೆ ತೆಗೆಯುವ ಮೊದಲು ಮೂಗಿನ ರಿಪೋರ್ಟು ಬೇಕೆಂದು ಕಣ್ಣಿನ ಆಸ್ಪತ್ರೆಯವರು ಕೇಳಿದ್ದರು. ಅಷ್ಟೆ.

ಬೀದಿ ಅರ್ಧ ತೆರೆದಿತ್ತು, ಅರ್ಧ ಮುಚ್ಚಿತ್ತು. ಮೂಲೆಯ ಬೇಕರಿಯವನು ಮಾಸ್ಕನ್ನು ಗಲ್ಲಕ್ಕಿಳಿಸಿಕೊಂಡು, ಬೆರಳಿಗೆ ಎಂಜಲು ಹಚ್ಚಿ ಪ್ಲಾಸ್ಟಿಕ್ ಚೀಲದ ಬಾಯಿ ಬಿಡಿಸುತ್ತಿದ್ದ. ಅದೇ ಬೆರಳಿನಿಂದ ಬ್ರೆಡ್ಡನ್ನು ಒಳಗೆ ತಳ್ಳಿದ.

"ಡಾಕ್ಟ್ರೇ, ಗೋಡೆಗೆ ಕಡ್ಡಿ ಒರೆಸಿ ಕಳಿಸಿದ್ರೂ ಪಾಸಿಟಿವ್ ಬರುತ್ತಂತೆ, ಹೌದಾ?"

ಅವನು ಡಾಕ್ಟರನಲ್ಲ. ಸೂಕ್ಷ್ಮಜೀವಿಗಳ ಮೇಲೆ ಐದು ವರ್ಷ ಸಂಶೋಧನೆ ಮಾಡಿ ಹೆಸರಿನ ಹಿಂದೆ ಆ ಎರಡಕ್ಷರ ಅಂಟಿಸಿಕೊಂಡವನು. ಬೀದಿಯವರು ಅವನನ್ನು ನೆಗಡಿಗೂ ಮಂಡಿನೋವಿಗೂ ಮಾತ್ರೆ ಕೇಳುತ್ತಿದ್ದರು. ಮೊದಮೊದಲು ತಿದ್ದುತ್ತಿದ್ದ. ಈಗ ಬಿಟ್ಟಿದ್ದ.

"ಹಾಗೆಲ್ಲ ಬರೋದಿಲ್ಲ," ಎಂದ.

"ಮತ್ತೆ ಎಲ್ಲಾರೂ ಅಂತಾರೆ?"

"ಅನ್ನಲಿ ಬಿಡಿ."

ಬೇಕರಿಯವನು ನಕ್ಕ. ಹಳದಿ ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡಿತ್ತು. ಗೋಡೆ, ಹಣ್ಣು, ನಾಯಿಯ ಮೂಗು, ಹೀಗೆ ಏನೇನಕ್ಕೋ ಪಾಸಿಟಿವ್ ಬಂದಿರುವ ಕಥೆಗಳನ್ನು ಅವನು ಇಡೀ ಬೀದಿಗೆ ಬ್ರೆಡ್ಡಿನ ಜೊತೆ ಹಂಚುತ್ತಿದ್ದ. ಎಲ್ಲವೂ ಸುಳ್ಳು. ಯಾವುದಕ್ಕೂ ತಲೆಬುಡವಿಲ್ಲ. ಆದರೆ ಐದು ದಿನದಿಂದ ಆ ಸುಳ್ಳುಗಳನ್ನು ಕೇಳುವಾಗ ಅವನಿಗೆ ತನ್ನ ಬೆನ್ನಹುರಿಯಲ್ಲಿ ತಣ್ಣಗೆ ಏನೋ ಹರಿದಾಡಿದಂತಾಗುತ್ತಿತ್ತು. ಈ ಹಲ್ಲುಜ್ಜದ ಬಾಯಿಗೆ ಸತ್ಯದ ಒಂದು ತುಣುಕು ಹೇಗೋ ಸಿಕ್ಕಿಬಿಟ್ಟಿತ್ತು. ಅದು ಸಿಕ್ಕಿದೆಯೆಂದು ಬಾಯಿಗೇ ಗೊತ್ತಿರಲಿಲ್ಲ.

ಅವನಿಂದ ಕೊಂಡ ಬ್ರೆಡ್ಡನ್ನು ತಿರುವಿನಲ್ಲಿ ಕಸದ ತೊಟ್ಟಿಗೆ ಎಸೆದು, ಕೈಗೆ ಸ್ಯಾನಿಟೈಸರು ಹಚ್ಚಿಕೊಂಡ.

ಮಾವನ ರಿಪೋರ್ಟಿಗೆ ಸಹಿ ಬಿದ್ದ ದಿನ ಲ್ಯಾಬಿನಲ್ಲಿ ನೀರು ಪಾಸಿಟಿವ್ ಬಂದಿತ್ತು.

ಒಂದು ತಟ್ಟೆಯಲ್ಲಿ ತೊಂಬತ್ತಾರು ಗುಳಿಗಳು. ತೊಂಬತ್ತನಾಲ್ಕರಲ್ಲಿ ಜನರ ಮೂಗು ಗಂಟಲಿನಿಂದ ತೆಗೆದದ್ದು. ಉಳಿದೆರಡು ಕಾವಲಿಗೆ. ಒಂದರಲ್ಲಿ ಬೇಕೆಂದೇ ಹಾಕಿದ ವೈರಸ್ಸು; ಅದು ಬರಲೇಬೇಕು. ಇನ್ನೊಂದರಲ್ಲಿ ಬರೀ ನೀರು. ಅದರಲ್ಲಿ ಏನೂ ಬರಕೂಡದು. ಯಂತ್ರ ನಲವತ್ತು ಸುತ್ತು ತಿರುಗುತ್ತದೆ. ವೈರಸ್ಸು ಇದ್ದ ಗುಳಿಯ ಗೆರೆ ಪರದೆಯ ಮೇಲೆ ಏಳುತ್ತದೆ. ಹೆಚ್ಚಿದ್ದಷ್ಟೂ ಬೇಗ ಏಳುತ್ತದೆ. ನೀರಿನ ಗೆರೆ ಕೊನೆತನಕ ಸತ್ತ ಹಾವಿನ ಹಾಗೆ ಚಪ್ಪಟೆ ಮಲಗಿರಬೇಕು. ಆ ದಿನ ಮೂವತ್ತಾರನೇ ಸುತ್ತಿನಲ್ಲಿ ಅದು ಹೆಡೆ ಎತ್ತಿತು.

ನೀರಿಗೆ ರೋಗ ಬಂತೆಂದರೆ ಎಲ್ಲೋ ಒಂದು ಹನಿ ಸಿಡಿದಿದೆ, ಯಾರದೋ ಕೈಗವಸು ಎಲ್ಲೋ ತಾಗಿದೆ. ಇಡೀ ತಟ್ಟೆಯನ್ನು ನಂಬುವಂತಿಲ್ಲ. ಎಲ್ಲವನ್ನೂ ಚೆಲ್ಲಿ ಮತ್ತೆ ಮೊದಲಿನಿಂದ ಮಾಡಬೇಕು. ಇದು ಮೊದಲ ತಿಂಗಳ ಪಾಠ. ಟೆಕ್ನಿಷಿಯನ್ ಹುಡುಗಿ ಪರದೆ ನೋಡಿ, ಅವನ ಮುಖ ನೋಡಿ, ರಿಜಿಸ್ಟರಿನಲ್ಲಿ ಪೆನ್ನಿನಿಂದ ಬರೆದಿಟ್ಟಳು: ನೀರು, ಮೂವತ್ತಾರು. ಆಮೇಲೆ ಲ್ಯಾಬಿನ ನಿರ್ದೇಶಕರು ಬಂದರು. ಪರೀಕ್ಷೆಯ ಹೊಸ ಕಿಟ್ಟುಗಳು ಬರುವುದು ಮುಂದಿನ ವಾರ, ಸಂಜೆ ಐದಕ್ಕೆ ಮೇಲಿನವರಿಗೆ ಸಂಖ್ಯೆ ಕಳಿಸಬೇಕು, ಮೂವತ್ತಾರು ಎಂದರೆ ಗಡಿಯ ಹತ್ತಿರ, ಗಡಿಯ ಹತ್ತಿರದ್ದನ್ನೆಲ್ಲ ನೋಡುತ್ತ ಕೂತರೆ ಆಗುವುದಿಲ್ಲ ಎಂದು ಹೇಳಿದರು. ಒಳ್ಳೆಯ ಮನುಷ್ಯ. ಯಾರ ಮೇಲೂ ದನಿ ಏರಿಸಿದವರಲ್ಲ.

ಆಗುವುದಿಲ್ಲ ಸಾರ್ ಎನ್ನಬೇಕಿತ್ತು. ಅವನು ಕೇಳಿದ್ದು, "ಸಹಿ ಯಾರು ಹಾಕೋದು?"

"ನೀವೇ ತಾನೇ ಯಾವಾಗಲೂ ಹಾಕೋದು," ಎಂದರು ನಿರ್ದೇಶಕರು, ಆಶ್ಚರ್ಯದಿಂದ.

ತೊಂಬತ್ತನಾಲ್ಕು ಸಹಿ ಹಾಕಿದ. ಐವತ್ತರ ನಂತರ ಅದು ತನ್ನ ಹೆಸರಿನಂತೆಯೇ ಕಾಣಲಿಲ್ಲ. ಕಾಗದದ ಮೇಲೆ ಸತ್ತ ಹುಳುಗಳು ಬಿದ್ದಂತಿತ್ತು. ಲ್ಯಾಬಿನಲ್ಲಿ ಎಲ್ಲವೂ ನಂಬರು. ಹೆಸರು ಇನ್ನೊಂದು ಹಾಳೆಯಲ್ಲಿರುತ್ತದೆ. ಆ ಹಾಳೆಯನ್ನು ಅವನು ನೋಡಿರಲಿಲ್ಲ.

ಆ ತೊಂಬತ್ತನಾಲ್ಕರಲ್ಲಿ ಮಾವನೂ ಇದ್ದರೆಂದು ಆಂಬ್ಯುಲೆನ್ಸಿನವರು ಮನೆಯ ಬಾಗಿಲಿಗೆ ಬಂದಾಗಲೇ ಗೊತ್ತಾದದ್ದು. ಮಾವ ಚಪ್ಪಲಿ ಹುಡುಕುತ್ತಿದ್ದರು. ಮರುದಿನ ಬೇಗ ಹೋಗಿ ಹಳೆಯ ಗೆರೆಗಳನ್ನು ತೆಗೆದು ನೋಡಿದ. ಮಾವನ ಗೆರೆ ಎದ್ದಿದ್ದೂ ಮೂವತ್ತಾರನೇ ಸುತ್ತಿನಲ್ಲೇ. ಮಾವನೂ ನೀರೂ ಕೈಕೈ ಹಿಡಿದು ಎದ್ದಂತಿತ್ತು.

ಆಗಿನ್ನೂ ಎಲ್ಲರ ಸ್ಯಾಂಪಲ್ಲುಗಳು ಫ್ರಿಜ್ಜಿನಲ್ಲಿದ್ದವು. ಮಾವನದೊಂದನ್ನಾದರೂ ತೆಗೆದು ಮತ್ತೆ ಓಡಿಸಬಹುದಿತ್ತು. ಮೂರು ಗಂಟೆಯ ಕೆಲಸ. ಎರಡು ಸಲ ಫ್ರಿಜ್ಜಿನ ಬಾಗಿಲ ತನಕ ಹೋದ. ಒಂದು ಸಲ ಹಿಡಿಯ ಮೇಲೆ ಕೈಯಿಟ್ಟ. ಮಾವನದು ಸುಳ್ಳಾದರೆ ಮಿಕ್ಕವರದೂ ಸುಳ್ಳಿರಬಹುದು. ಒಂದು ತಟ್ಟೆ ಸುಳ್ಳೆಂದು ಒಪ್ಪಿಕೊಂಡರೆ ಹೊರಗಿನ ಬಾಯಿಗಳು ಎಲ್ಲ ತಟ್ಟೆಗಳೂ ಸುಳ್ಳೆನ್ನುತ್ತವೆ. ಆಮೇಲೆ ನಿಜವಾದ ರೋಗಿಗಳೂ ಮನೆಯಲ್ಲೇ ಉಳಿಯುತ್ತಾರೆ, ಸಾಯುತ್ತಾರೆ, ಸಾಯಿಸುತ್ತಾರೆ. ವಾದ ಅಚ್ಚುಕಟ್ಟಾಗಿತ್ತು. ಎಲ್ಲಿಯೂ ತೂತಿರಲಿಲ್ಲ. ಅಷ್ಟು ಅಚ್ಚುಕಟ್ಟಾದ ವಾದ ತನಗೆ ಅಷ್ಟು ಬೇಗ ಹೇಗೆ ಹೊಳೆಯಿತು ಎಂದು ಅವನು ಆಗ ಕೇಳಿಕೊಳ್ಳಲಿಲ್ಲ. ಮೂರನೇ ದಿನ, ನಿಯಮದಂತೆ, ಸ್ಯಾಂಪಲ್ಲುಗಳನ್ನು ಸುಟ್ಟರು.

ವಾರ್ಡಿನಲ್ಲಿ ಹತ್ತನೇ ದಿನದ ಮೊದಲು ಮತ್ತೆ ಪರೀಕ್ಷೆ ಮಾಡುವುದಿಲ್ಲ; ಜ್ವರ ಬಂದರೆ ಮಾತ್ರ.

ಇವತ್ತು ಲ್ಯಾಬಿನ ಗೇಟಿನಲ್ಲಿ ಮೂವತ್ತು ನಲವತ್ತು ಜನ ಸೇರಿದ್ದರು. ರಟ್ಟಿನ ಮೇಲೆ ಕೆಂಪು ಬಣ್ಣದಲ್ಲಿ ಬರೆದುಕೊಂಡು ಬಂದಿದ್ದರು: ಸುಳ್ಳು ರಿಪೋರ್ಟು ನಿಲ್ಲಿಸಿ. ಒಬ್ಬ ಅವನ ಗುರುತಿನ ಚೀಟಿ ನೋಡಿ ದಾರಿಗಡ್ಡ ಉಗುಳಿದ. ಉಗುಳು ಶೂಗಿಂತ ಒಂದು ಗೇಣು ಆಚೆ ಬಿತ್ತು. ಅವನು ಅದನ್ನು ದಾಟಿ ನಡೆದ. ಆ ಮನುಷ್ಯನ ಮೇಲೆ ಸಿಟ್ಟು ಬರಬೇಕಿತ್ತು. ಬದಲಿಗೆ, ಆ ಉಗುಳಿನ ಒಂದು ಹನಿಯಲ್ಲಿ ಏನೇನಿರಬಹುದು ಎಂಬ ಪಟ್ಟಿ ತಾನಾಗಿ ಮನಸ್ಸಿನಲ್ಲಿ ಹಾದುಹೋಯಿತು.

ಒಳಗೆ ಹುಡುಗಿ ಆಗಲೇ ಕೈಗವಸು ಹಾಕಿ ಕೂತಿದ್ದಳು. ರಿಜಿಸ್ಟರು ಮೇಜಿನ ಮೇಲೆ ಮುಚ್ಚಿತ್ತು. ಐದು ದಿನದಿಂದ ಅವರಿಬ್ಬರೂ ಆ ಪುಟ ತೆರೆದಿರಲಿಲ್ಲ. ಅವಳು ಹೊಸ ಪುಟವನ್ನು ಹಿಂದಿನಿಂದ ಹಿಡಿದು ನೇರವಾಗಿ ತೆರೆಯುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು.

"ಮಾವನೋರು ಹೇಗಿದ್ದಾರೆ ಸಾರ್?"

"ಚೆನ್ನಾಗಿದ್ದಾರೆ."

"ಚೆನ್ನಾಗೇ ಇರ್ತಾರೆ ಸಾರ್," ಎಂದಳು ಅವಳು, ಅವನ ಕಡೆ ನೋಡದೆ. ಅದರಲ್ಲಿ ಸಮಾಧಾನವಿತ್ತೋ ಇನ್ನೇನಿತ್ತೋ. ಮಾಸ್ಕಿನ ಮೇಲಿನ ಎರಡು ಕಣ್ಣುಗಳಿಂದ ಏನೂ ತಿಳಿಯುವುದಿಲ್ಲ. ಈ ಒಂದು ವರ್ಷದಲ್ಲಿ ಅವನು ಅವಳ ಬಾಯಿಯನ್ನೇ ನೋಡಿರಲಿಲ್ಲ.

ಹನ್ನೊಂದು ಗಂಟೆಗೆ ಹೆಂಡತಿಯ ಫೋನು ಬಂತು. ಅಪ್ಪನಿಗೆ ನಿನ್ನೆಯಿಂದ ಜ್ವರವಂತೆ, ನಮಗೆ ಹೇಳಿಲ್ಲ, ವಾರ್ಡಿನ ನರ್ಸೇ ಹೇಳಿದರು, ಮತ್ತೆ ಮೂಗಿನಿಂದ ತೆಗೆದು ನಿಮ್ಮಲ್ಲಿಗೇ ಕಳಿಸುತ್ತಿದ್ದಾರೆ ಎಂದಳು. ಮಳಿಗೆಯಲ್ಲಿ ಸಾಮಾನಿನ ಚೀಟಿ ಓದುವ ದನಿ.

"ಬರೀ ಜ್ವರ ಇರಬಹುದು," ಎಂದ.

"ಹೂಂ. ಇರಬಹುದು."

ಫೋನಿಟ್ಟಾಗ ನಿರ್ದೇಶಕರ ಆಳು ಬಂದು ಕರೆದ.

ಗೇಟಿನಲ್ಲಿದ್ದವರಿಗೆಲ್ಲ ಮುಂದಾಳಾದವರು ಒಬ್ಬ ಭೂಗೋಳದ ಮೇಷ್ಟ್ರು. ಅದೇ ದಿನದ ತಟ್ಟೆಯವರು; ಬೇರೆ ಕೋಣೆ ಇದ್ದದ್ದರಿಂದ ವಾರ್ಡಿಗೆ ಒಯ್ಯದೆ ಮನೆಯಲ್ಲೇ ಬಿಟ್ಟಿದ್ದರು. ಇಲ್ಲಿ ಪಾಸಿಟಿವ್ ಬಂದ ಮರುದಿನ ಊರಿನ ಇನ್ನೊಂದು ಕಡೆ ಹೋಗಿ ಮಾಡಿಸಿಕೊಂಡಿದ್ದರು, ನೆಗೆಟಿವ್. ಎರಡೂ ಕಾಗದಗಳನ್ನು ಕೋಲಿಗೆ ಕಟ್ಟಿ ಎತ್ತಿ ಹಿಡಿದಿದ್ದರು. ಪೊಲೀಸರನ್ನು ಕರೆಸಿದರೆ ನಾಳೆ ಮುನ್ನೂರು ಜನ ಬರುತ್ತಾರೆ, ಮೇಷ್ಟ್ರು ಓದಿದ ಮನುಷ್ಯ, ನೀವು ಚೆನ್ನಾಗಿ ವಿವರಿಸುತ್ತೀರಿ, ಒಂದು ಮಾತಾಡಿ ಕಳಿಸಿ ಎಂದರು ನಿರ್ದೇಶಕರು. ಹೇಳಿ, ತಾವು ಪಕ್ಕದ ಕೋಣೆಗೆ ಹೋದರು.

ಕಿಟಕಿಗಳನ್ನೆಲ್ಲ ತೆಗೆದು, ನಡುವೆ ಉದ್ದದ ಮೇಜು ಬಿಟ್ಟು ಅವನೂ ಮೇಷ್ಟ್ರೂ ಕೂತರು. ಮೇಷ್ಟ್ರಿಗೆ ನಲವತ್ತರ ಆಜುಬಾಜು. ಅಂಗಿಯ ಕೊರಳಪಟ್ಟಿ ಕೊಳೆಯಾಗಿತ್ತು. ಐದು ದಿನ ಒಂದೇ ಅಂಗಿ ತೊಟ್ಟವರ ಹಾಗಿದ್ದರು. ಕೂಗಾಡುತ್ತಾರೆಂದು ಅವನು ಅಂದುಕೊಂಡಿದ್ದ. ಅವರು ಕೂಗಲಿಲ್ಲ. ಎರಡೂ ಕಾಗದ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು, ಅಂಚಿಗೆ ಅಂಚು ಹೊಂದಿಸಿ.

"ನನಗೆ ಜಗಳ ಬೇಡ ಸಾರ್. ಇದರಲ್ಲಿ ನಾನು ಯಾವುದು, ಅಷ್ಟು ಹೇಳಿ."

ಆಮೇಲೆ ಅವರಾಗೇ ಹೇಳಿಕೊಂಡರು. ಆರು ವರ್ಷದ ಮಗಳಿದ್ದಾಳೆ. ಅಪ್ಪನ ಕೋಣೆಗೆ ಹೋಗಬೇಡ, ಅಪ್ಪ ಗಲೀಜು ಎಂದು ಯಾರೋ ಹೇಳಿಕೊಟ್ಟಿದ್ದಾರೆ. ಅವಳು ಬಾಗಿಲಾಚೆ ನಿಂತು, ಗಲೀಜು ಹೋಯ್ತಾ ಅಪ್ಪ ಎಂದು ದಿನಕ್ಕೆ ಹತ್ತು ಸಲ ಕೇಳುತ್ತಾಳೆ. ಮನೆ ಮಾಲೀಕ ಅವರು ಮುಟ್ಟಿದ ಮೆಟ್ಟಿಲ ಕಂಬಿಗೆ ಔಷಧಿ ಹೊಡೆಸಿದ್ದಾನೆ. ಎರಡನೇ ರಿಪೋರ್ಟು ಬಂದ ದಿನ ಬಾಗಿಲು ತೆಗೆದು ಆಚೆ ಬಂದರೆ ಹೆಂಡತಿಯೇ ಮಗಳನ್ನು ಎತ್ತಿಕೊಂಡು ಹಿಂದೆ ಸರಿದಳು. ಮೊದಲನೆಯದು ತಪ್ಪು ಅಂತ ಬರೆದುಕೊಡಿ, ಮನೆಗೆ ತೋರಿಸುತ್ತೇನೆ, ಗೇಟಿನವರನ್ನೆಲ್ಲ ನಾನೇ ಕಳಿಸುತ್ತೇನೆ ಎಂದರು.

ಅವನಿಗೆ ಕಾಗದದ ಮೇಲಿನ ಆ ನಂಬರು ನೆನಪಿತ್ತು. ಅದರ ಗೆರೆ ಎದ್ದದ್ದು ಮೂವತ್ತೇಳನೇ ಸುತ್ತಿನಲ್ಲಿ.

ಹೇಳಿಬಿಡಬಹುದು ಎಂದು ಆ ಕ್ಷಣಕ್ಕೆ ಅನ್ನಿಸಿತು. ಎದುರಿಗೆ ಇದ್ದುದು ಗುಂಪಲ್ಲ, ಒಬ್ಬ ಮನುಷ್ಯ. ನೀರು ಎಂಬ ಒಂದು ಪದ ಸಾಕಿತ್ತು. ಅವನು ಗಂಟಲು ಸರಿಮಾಡಿಕೊಂಡ. ಗಂಟಲಿನಿಂದ ಬಂದದ್ದು ವಿವರಣೆ.

ಬಹಳ ಚೆನ್ನಾಗಿ ವಿವರಿಸಿದ. ಕಡ್ಡಿ ಮೂಗಿನಲ್ಲಿ ಎಷ್ಟು ಆಳ ಹೋಯಿತು ಎಂಬುದರ ಮೇಲೆ ಫಲಿತಾಂಶ ನಿಂತಿದೆ. ವೈರಸ್ಸು ಒಂದು ದಿನ ಮೂಗಿನಲ್ಲಿದ್ದು ಮರುದಿನ ಕೆಳಗಿಳಿದಿರಬಹುದು. ಹುಡುಕಿದ್ದು ಸಿಗಲಿಲ್ಲ ಎಂದರೆ ಇಲ್ಲ ಎಂದಲ್ಲ. ಆದರೆ ಸಿಕ್ಕಿತು ಎಂದರೆ ಇದ್ದದ್ದಕ್ಕೇ ಸಿಕ್ಕಿತು. ಎರಡು ರಿಪೋರ್ಟು ಬೇರೆ ಬೇರೆ ಬಂದಾಗ ಪಾಸಿಟಿವ್ ಅನ್ನೇ ನಂಬುವುದು ಮನೆಯವರಿಗೆ ಕ್ಷೇಮ. ಒಂದೊಂದು ವಾಕ್ಯವೂ ನಿಜ. ಯಾವ ಪುಸ್ತಕದಲ್ಲಿ ಹುಡುಕಿದರೂ ಸಿಗುವಂಥ ನಿಜ. ನಿಜಗಳನ್ನು ಒಂದರ ಪಕ್ಕ ಒಂದು ಇಟ್ಟು ಎಂಥ ಗಟ್ಟಿ ಸುಳ್ಳನ್ನು ಕಟ್ಟಬಹುದು ಎಂದು ಅವನು ತನ್ನ ದನಿಯನ್ನು ತಾನೇ ಕೇಳುತ್ತ, ದೂರದಿಂದ, ಒಂದು ಬಗೆಯ ಕುತೂಹಲದಿಂದ ಗಮನಿಸಿದ. ಮಾಸ್ಕಿನೊಳಗೆ ತನ್ನದೇ ಉಸಿರು ಹಳಸಿದ ವಾಸನೆ ಹೊಡೆಯುತ್ತಿತ್ತು.

ಮೇಷ್ಟ್ರು ತಲೆಯಾಡಿಸುತ್ತ ಕೇಳಿದರು. ನಕ್ಷೆ ಬೇರೆ ನೆಲ ಬೇರೆ ಅಂತ ನಾನೇ ಮಕ್ಕಳಿಗೆ ಪಾಠ ಮಾಡುತ್ತೇನೆ ಎಂದರು. ಕೊನೆಗೆ ಕೇಳಿದರು.

"ನಿಮ್ಮ ಮನೆಯೋರದ್ದೇ ಆಗಿದ್ರೆ? ನೀವು ಯಾವುದನ್ನ ನಂಬ್ತಿದ್ರಿ?"

ಅವನು ತಡವರಿಸಲಿಲ್ಲ. ಅದೇ ಆಮೇಲೆ ಅವನನ್ನು ಹಿಂಡಿದ್ದು.

"ನಮ್ಮ ಮಾವನೂ ಅವತ್ತೇ ಪಾಸಿಟಿವ್ ಬಂದೋರು. ವಾರ್ಡಿನಲ್ಲಿದ್ದಾರೆ. ರಿಪೋರ್ಟಿಗೆ ಸಹಿ ಹಾಕಿದ್ದು ನಾನೇ."

ಮೇಷ್ಟ್ರ ಕಣ್ಣು ತುಂಬಿಬಂತು. ಎದ್ದು ನಿಂತರು. ಅನುಮಾನ ಪಟ್ಟಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ, ನಿಮಗೆ ದೊಡ್ಡ ಮನಸ್ಸಿದೆ ಎಂದರು. ನೆಗೆಟಿವ್ ಬಂದಿದ್ದ ಕಾಗದವನ್ನು ಎರಡಾಗಿ, ನಾಲ್ಕಾಗಿ ಹರಿದು, ಚೂರುಗಳನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಜೇಬಿಗೆ ತುಂಬಿಕೊಂಡರು.

ಕಿಟಕಿಯಿಂದ ಅವನು ನೋಡಿದ. ಗೇಟಿನ ಕಟ್ಟೆಯ ಮೇಲೆ ಹತ್ತಿ ಮೇಷ್ಟ್ರು ತರಗತಿಯಲ್ಲಿ ಮಾತಾಡುವಂತೆ ಬೆರಳು ಮಡಿಸುತ್ತ ಮಾತಾಡಿದರು. ಏನೆಂದು ಕೇಳಿಸಲಿಲ್ಲ. ಒಮ್ಮೆ ಮಾತ್ರ ತಿರುಗಿ ಮೇಲಿನ ಕಿಟಕಿ ತೋರಿಸಿದರು. ಜನ ಕತ್ತೆತ್ತಿ ಅವನನ್ನು ನೋಡಿದರು. ಕೆಲವರು ರಟ್ಟು ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡರು. ಹಾಲಿನ ಅಂಗಡಿ ಮುಚ್ಚಿದಾಗ ಚದುರುವಷ್ಟು ಸುಲಭವಾಗಿ ಚದುರಿದರು. ಮೇಷ್ಟ್ರು ಒಬ್ಬರೇ, ಯಾರಿಗೂ ತಾಗದಂತೆ ಗೋಡೆಯ ಅಂಚು ಹಿಡಿದು, ತಮ್ಮ ಕೋಣೆಗೆ ಹೊರಟರು.

ಅವನು ಪಾಯಿಖಾನೆಗೆ ಹೋಗಿ ವಾಂತಿ ಮಾಡಲು ನೋಡಿದ. ಏನೂ ಬರಲಿಲ್ಲ. ಬೆಳಿಗ್ಗೆ ತಿಂದಿರಲೂ ಇಲ್ಲ.

ಒಂದು ಗಂಟೆಗೆ ವಾರ್ಡಿನ ಪೆಟ್ಟಿಗೆ ಬಂತು. ಐಸಿನ ನಡುವೆ ನಳಿಕೆಗಳು. ಈ ಸಲ ಅವನು ಹೆಸರಿನ ಹಾಳೆ ಕೇಳಿ ಪಡೆದ. ಮಾವನದು ಹದಿಮೂರನೆಯದು. ಗುಲಾಬಿ ಬಣ್ಣದ ದ್ರವದಲ್ಲಿ ಮುರಿದ ಕಡ್ಡಿಯ ತುದಿ ತೇಲುತ್ತಿತ್ತು. ತುದಿಯಲ್ಲಿ ಬೂದುಬಣ್ಣದ ಸಿಂಬಳದ ಎಳೆ. ಹದಿನೈದು ವರ್ಷದಿಂದ ಒಂದೇ ಮೇಜಿನಲ್ಲಿ ಉಂಡ ಮನುಷ್ಯನ ಒಳಗಿನದನ್ನು ಮೊದಲ ಸಲ ಕಂಡಂತಾಯಿತು. ಮುಖ ತಿರುಗಿಸಬೇಕೆನ್ನಿಸಿತು. ತಿರುಗಿಸಲಿಲ್ಲ.

"ನಾನೇ ಮಾಡ್ತೀನಿ," ಎಂದ.

ಹುಡುಗಿ ಸುಮ್ಮನೆ ಎದ್ದು ಜಾಗ ಬಿಟ್ಟಳು. ಅವನು ಹೊಸ ಕೈಗವಸು ಹಾಕಿದ. ಮೇಜನ್ನು ಎರಡು ಸಲ ಒರೆಸಿದ. ಒಂದು ಗುಳಿಗೂ ಇನ್ನೊಂದಕ್ಕೂ ನಡುವೆ ತುದಿ ಬದಲಾಯಿಸಿದ, ಉಸಿರು ಹಿಡಿದು ಹನಿ ಬಿಟ್ಟ. ಕೊನೆಯ ಗುಳಿಗೆ ನೀರು ಹಾಕಿದ. ಇಷ್ಟು ಶುದ್ಧವಾಗಿ ಅವನು ಈ ಒಂದು ವರ್ಷದಲ್ಲಿ ಕೆಲಸ ಮಾಡಿರಲಿಲ್ಲ. ನೋಡಲು ಚೆನ್ನಾಗಿತ್ತು. ಹುಡುಗಿ ನೋಡುತ್ತಿದ್ದಳು.

ಯಂತ್ರ ತಿರುಗತೊಡಗಿತು. ಅವನು ಪರದೆಯ ಮುಂದೆ ಕುರ್ಚಿ ಎಳೆದುಕೊಂಡು ಕೂತ. ಹೆಂಡತಿ ಎರಡು ಸಲ ಫೋನು ಮಾಡಿದಳು, ತೆಗೆಯಲಿಲ್ಲ. ಗೆರೆ ಏಳದಿರಲಿ ಎಂದುಕೊಂಡ. ಎದ್ದರೆ ಮಾವನಿಗೆ ರೋಗ. ಏಳದಿದ್ದರೆ ಬರೀ ಜ್ವರ, ಹಾಗಾದರೆ ಮೊದಲ ರಿಪೋರ್ಟು ಸುಳ್ಳೆಂದು ಇಡೀ ಊರಿಗೆ ಗೊತ್ತಾಗುತ್ತದೆ, ತನ್ನ ಸಹಿ ಬೀದಿಗೆ ಬರುತ್ತದೆ. ಏಳದಿರಲಿ ಎಂದೇ ಅವನು ಬೇಡಿಕೊಂಡ. ಹಾಗೆ ಬೇಡುತ್ತಿರುವಾಗಲೇ ಅದರ ತಳದಲ್ಲಿ, ಕೊಳಚೆಯಡಿ ಗುಳ್ಳೆ ಎದ್ದಂತೆ, ಇನ್ನೊಂದು ಬೇಡಿಕೆ ಎದ್ದದ್ದು ಅವನಿಗೆ ಸ್ಪಷ್ಟವಾಗಿ ಗೊತ್ತಾಯಿತು. ಅದನ್ನು ಅವನು ಒತ್ತಲಿಲ್ಲ. ಸುಮ್ಮನೆ ನೋಡುತ್ತ ಕೂತ.

ಹತ್ತೊಂಬತ್ತನೇ ಸುತ್ತಿಗೇ ಹದಿಮೂರನೆಯ ಗೆರೆ ಎದ್ದಿತು. ನೆಟ್ಟಗೆ, ಕಡಿದಾಗಿ, ಯಾವ ಅನುಮಾನಕ್ಕೂ ಎಡೆಯಿಲ್ಲದಂತೆ. ನೀರಿನದು ನಲವತ್ತರ ತನಕ ಮಲಗಿಯೇ ಇತ್ತು.

ಇವತ್ತು ಎಲ್ಲವೂ ಸರಿಯಾಗಿತ್ತು.

ಮಾವನ ಮಂಚ ಇದ್ದದ್ದು ಷಟಲ್ ಆಡುವ ದೊಡ್ಡ ಹಾಲಿನಲ್ಲಿ. ನೆಲದ ಮೇಲೆ ಅಂಕಣದ ಬಿಳಿ ಗೆರೆಗಳು ಹಾಗೇ ಇದ್ದವು. ಒಂದೊಂದು ಚೌಕಕ್ಕೆ ಒಂದೊಂದು ಮಂಚ. ಗಾಳಿಗೆ ಗೆರೆ ಗೊತ್ತಿರಲಿಲ್ಲ. ಆರು ದಿನ ಅವರು ಅಲ್ಲಿ ಪಕ್ಕದವನಿಗೆ ನೀರು ಕುಡಿಸಿದರು, ಬೆನ್ನು ನೀವಿದರು, ಅವನು ಕೆಮ್ಮಿದ್ದನ್ನು ಉಸಿರಾಡಿದರು. ಅಳಿಯ ಬರೆದದ್ದನ್ನು ನಿಜ ಮಾಡಿಕೊಟ್ಟರು.

ನಿರ್ದೇಶಕರು ಬಂದು ಅವನ ಹೆಗಲ ಹಿಂದಿನಿಂದ ಪರದೆ ನೋಡಿದರು. ಬಹಳ ಹೊತ್ತು ನೋಡಿದರು. ದುಃಖವಾಯಿತು, ದೊಡ್ಡಾಸ್ಪತ್ರೆಗೆ ಹೇಳಿ ಮಂಚ ಕೊಡಿಸುತ್ತೇನೆ, ನೀವು ಬೇಕಾದರೆ ಮನೆಗೆ ಹೋಗಿ ಎಂದರು. ಬಾಗಿಲ ತನಕ ಹೋದವರು ತಿರುಗಿದರು.

"ಹಾಗೆ ನೋಡಿದ್ರೆ, ನಮ್ಮ ಅವತ್ತಿನ ರಿಪೋರ್ಟು ಸರಿಯಾಗೇ ಇತ್ತು. ಅಲ್ವಾ?"

ಅವನು ತಲೆಯಾಡಿಸಿದ. ಹೌದೆಂದೋ ಅಲ್ಲವೆಂದೋ ನಿರ್ದೇಶಕರಿಗೆ ತಿಳಿಯಲಿಲ್ಲ. ತಿಳಿಯುವ ಅಗತ್ಯವೂ ಅವರಿಗಿರಲಿಲ್ಲ.

ಅವರ ಹೆಜ್ಜೆ ಸದ್ದು ನಿಂತ ಮೇಲೆ ಹುಡುಗಿ ಮೆಲ್ಲಗೆ ಹೇಳಿದಳು, "ಅವತ್ತು ಇರಲಿಲ್ಲ ಸಾರ್."

"ಏನು ಇರಲಿಲ್ಲ?"

ಅವಳು ಅವನನ್ನೇ ನೋಡಿದಳು. ಅವನು ಕಾದ. ಅವಳು ಹೇಳಿದರೆ ತಾನೂ ಹೇಳಬಹುದು ಎಂದು ಕಾದ. ತನಗಿಂತ ಹದಿನೆಂಟು ವರ್ಷ ಚಿಕ್ಕವಳು, ಮೊದಲ ಕೆಲಸ, ಕಾಯಂ ಆಗಿಲ್ಲ. ಅವಳ ಬೆನ್ನ ಹಿಂದೆ ನಿಂತು ಧೈರ್ಯ ಮಾಡಲು ಹೊರಟಿದ್ದ.

"ಏನಿಲ್ಲ ಸಾರ್," ಎಂದು ಅವಳು ತಟ್ಟೆ ತೆಗೆದು ಕಸದ ಹಳದಿ ಚೀಲಕ್ಕೆ ಹಾಕಿದಳು.

ಹೆಂಡತಿಗೆ ಅವನೇ ಫೋನು ಮಾಡಿ ಹೇಳಿದ. ಅವಳು ಅಳಲಿಲ್ಲ. ಆಗಲೇ ದೊಡ್ಡಾಸ್ಪತ್ರೆಗೆ ಸಾಗಿಸಿದ್ದಾರಂತೆ, ಆಕ್ಸಿಜನ್ ಹಾಕಿದ್ದಾರಂತೆ, ಹೋಗುವಾಗ ಭೂತಗನ್ನಡಿ ಮಂಚದ ಮೇಲೇ ಬಿಟ್ಟುಹೋಗಿದ್ದಾರಂತೆ ಎಂದಳು.

"ಒಂದು ಮಾತು," ಎಂದಳು. "ಐದು ದಿನ ನಿಮ್ಮ ಮೇಲೆ ಅನುಮಾನ ಪಟ್ಟೆ. ಬಾಯಲ್ಲಿ ಹೇಳಲಿಲ್ಲ, ಆದ್ರೆ ಪಟ್ಟೆ. ನೀವು ತಪ್ಪು ಮಾಡಿದ್ದೀರಿ, ಸುಮ್ಮನೆ ಅಪ್ಪನ್ನ ಅಲ್ಲಿಗೆ ಹಾಕಿಸಿದ್ದೀರಿ ಅಂತ. ತಪ್ಪಾಯ್ತು."

ಮೇಜಿನ ಮೇಲೆ ಪೆನ್ನು, ಸಹಿಗೆ ಕಾದಿರುವ ಕಾಗದಗಳು, ಒಣಗಿದ ಟೀ ಲೋಟದಲ್ಲಿ ಒಂದು ನೊಣ. ನೊಣ ಸಕ್ಕರೆಯಲ್ಲಿ ಕಾಲು ಸಿಕ್ಕಿಸಿಕೊಂಡು ರೆಕ್ಕೆ ಬಡಿಯುತ್ತಿತ್ತು.

"ಇರಲಿ ಬಿಡು," ಎಂದ ಅವನು.

ಕಾಗದಗಳಿಗೆ ಸಹಿ ಹಾಕಿದ. ಹದಿಮೂರನೆಯದರಲ್ಲಿ ವಯಸ್ಸು ಎಪ್ಪತ್ತೊಂದು ಎಂದು ಸರಿಯಾಗಿ ಅಚ್ಚಾಗಿದೆಯೇ ನೋಡಿದ. ಆಗಿತ್ತು.

ಐದು ಗಂಟೆಗೆ ಅಂಗಳಕ್ಕಿಳಿದ. ಬಿಸಿಲು ಇನ್ನೂ ಚುರುಗುಟ್ಟುತ್ತಿತ್ತು. ಅಂಗಳದ ಮೂಲೆಯಲ್ಲಿ ಸ್ಯಾಂಪಲ್ಲು ತೆಗೆಯುವ ಗಾಜಿನ ಗೂಡು. ಒಳಗೆ ನರ್ಸಮ್ಮ, ಗಾಜಿನ ಎರಡು ತೂತುಗಳಿಂದ ಹೊರಗೆ ಚಾಚಿದ ಉದ್ದನೆಯ ರಬ್ಬರಿನ ಕೈಗಳು. ಮುಂದೆ ಒಂದು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯ ಹಿಂದೆ ಸಾಲು. ಬೆಳಿಗ್ಗೆ ಗೇಟಿನಲ್ಲಿ ಕೂಗಿದ ಕೆಲವರೂ ಸಾಲಿನಲ್ಲಿದ್ದರು. ಅವನಿಗೆ ಗುರುತು ಹತ್ತಿತು. ಅವರು ಗೌರವದಿಂದ ದಾರಿ ಬಿಟ್ಟರು.

ನರ್ಸಮ್ಮನಿಗೆ ಅವನು ಗೊತ್ತು. ಲ್ಯಾಬು ತೆರೆದಾಗಿನಿಂದ ಇರುವ ದೊಡ್ಡ ಹೆಂಗಸು. ಯಾರಿಗೂ ಹೆದರದವಳು, ನಿರ್ದೇಶಕರನ್ನೂ ಏನಪ್ಪಾ ಎನ್ನುವವಳು. ಇವಳಿಗೆ ಹೇಳಬಹುದು ಎಂದುಕೊಂಡು ಅವನು ಇಳಿದುಬಂದಿದ್ದ. ನಡುವೆ ಗಾಜಿದೆ, ಮುಖ ಪೂರ್ತಿ ಕಾಣುವುದಿಲ್ಲ, ಹೇಳುವುದು ಸುಲಭ. ಕುರ್ಚಿಯಲ್ಲಿ ಕೂತ. ಮಾಸ್ಕು ಇಳಿಸಿದ. ಬೆಳಿಗ್ಗೆಯಿಂದ ಮುಚ್ಚಿದ್ದ ತುಟಿಗಳಿಗೆ ಗಾಳಿ ತಾಗಿತು.

"ನಿಮಗೊಂದು ಮಾತು ಹೇಳಬೇಕು," ಎಂದ.

"ಮಾವನೋರ ವಿಷಯ ಕೇಳಿದೆ. ನಿಮಗೂ ನೋಡಿಬಿಡೋದು ಒಳ್ಳೇದು," ಎಂದಿತು ಗಾಜಿನೊಳಗಿನ ದನಿ. "ತಲೆ ಹಿಂದಕ್ಕೆ ಹಾಕಿ. ಬಾಯಿ ತೆಗೀರಿ. ಆ ಅನ್ನಿ."

ಅವನು ಬಾಯಿ ತೆರೆದ. ರಬ್ಬರಿನ ಕೈ ಮರದ ಪಟ್ಟಿಯಿಂದ ಅವನ ನಾಲಿಗೆಯನ್ನು ಕೆಳಗೆ ಒತ್ತಿ ಹಿಡಿಯಿತು. ಗಂಟಲ ಹಿಂಭಾಗವನ್ನು ಕಡ್ಡಿ ಕೆರೆಯಿತು.

"ಆ," ಎಂದ ಅವನು.

ಕಣ್ಣಲ್ಲಿ ನೀರು ಬಂತು. ಕಡ್ಡಿ ಹೊರಗೆ ಬಂತು, ಪಟ್ಟಿ ಹೊರಗೆ ಬಂತು, ನಳಿಕೆಯ ಮುಚ್ಚಳ ತಿರುಗಿಸಿದ ಸದ್ದಾಯಿತು.

"ಆಯ್ತು. ಮುಚ್ಚಿ."

ಅವನು ಮುಚ್ಚಲಿಲ್ಲ. ಮುಚ್ಚಿದರೆ ಇನ್ನು ತೆರೆಯಲಾಗುವುದಿಲ್ಲ ಎನ್ನಿಸಿತು. ಮುಂದಿನ ಅಕ್ಷರಕ್ಕಾಗಿ ಗಂಟಲಿನಲ್ಲಿ ತಡಕಾಡಿದ. ನರ್ಸಮ್ಮ ಇನ್ನೊಂದು ಸಲ ಹೇಳಿ, ಅವನನ್ನು ಬಿಟ್ಟು, ಹಿಂದಿನವರಿಗೆ ತಯಾರಾಗಿರಿ ಎಂದು ಕೂಗಿದಳು. ಗಾಜಿನ ಮೇಲೆ ಅವನ ಬಾಯಿ ಕಾಣುತ್ತಿತ್ತು: ಕೆಂಪಗೆ, ಒದ್ದೆಯಾಗಿ, ಒಳಗೆ ಏನೂ ಇಲ್ಲದೆ. ಅದರ ಹಿಂದೆ, ಬಿಸಿಲಿನಲ್ಲಿ, ಸಾಲಿನಲ್ಲಿ ನಿಂತಿದ್ದವರು ಒಬ್ಬೊಬ್ಬರಾಗಿ ಮಾಸ್ಕು ಇಳಿಸಿ, ತಲೆ ಹಿಂದಕ್ಕೆ ಹಾಕಿ, ಬಾಯಿ ತೆರೆಯುತ್ತಿದ್ದರು.